ಸೆಕೆಂಡಿಗೊಂದು ಗೇಣು

ಫೆಬ್ರವರಿಯ ವಾಷಿಂಗ್ಟನ್, ಹೊರಗೆ ಕೊರೆಯುವ ಚಳಿ. ಡಬ್ಲ್ಯುಎಎಂಯು ಎಂಬ ಬಾನುಲಿ ಕೇಂದ್ರದಲ್ಲಿ ಹವಾಮಾನ ಓದುವ ಹುಡುಗಿಗೆ ಅಂದು ಹುಷಾರಿರಲಿಲ್ಲ. ಅಲ್ಲಿಯವರೆಗೆ ತೆರೆಮರೆಯಲ್ಲಿದ್ದ ನಿರ್ಮಾಪಕಿಯೇ ಮೈಕಿನ ಮುಂದೆ ಕೂತರು. ಮೊದಲೇ ಫೋನ್ ಮಾಡಿ ಅಂಕಿ ಬರೆದುಕೊಳ್ಳಬೇಕಿತ್ತು, ಮರೆತಿದ್ದರು. ಪ್ರಸಾರ ಶುರುವಾಗಿಯೇ ಹೋಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: 98 ಡಿಗ್ರಿ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ನಮ್ಮ ರಾಯಚೂರಿನ ಬೇಸಿಗೆ! ಕೇಳುಗರಿಗೆ ಸುಳ್ಳು ಹೇಳಬಾರದು, ತಯಾರಿಯಿಲ್ಲದೆ ಕೂರಬಾರದು ಎಂಬ ಎರಡು ಪಾಠ ಅಂದೇ ಕಲಿತೆ ಎಂದು ಸೂಸನ್ ಸ್ಟ್ಯಾಂಬರ್ಗ್ ಆಮೇಲೆ ನಗುತ್ತಾ ಹೇಳಿಕೊಳ್ಳುತ್ತಿದ್ದರು.

1938ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವರು. 1971ರಲ್ಲಿ ಅಮೆರಿಕದ ಸಾರ್ವಜನಿಕ ಬಾನುಲಿ ಎನ್‌ಪಿಆರ್ ಪ್ರಸಾರ ಶುರುಮಾಡಿದಾಗ ಆಕೆಗೆ ಸಿಕ್ಕಿದ್ದು ಟೇಪು ಕತ್ತರಿಸುವ ಕೆಲಸ. ಆಗ ಸಂಪಾದನೆಯೆಂದರೆ ನಿಜಕ್ಕೂ ಕತ್ತರಿಸುವುದೇ. ಟೇಪನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದು, ಪದ ಮುಗಿಯುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸಬೇಕು. ಬಾನುಲಿಯ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 7.5 ಇಂಚು ಓಡುತ್ತಿತ್ತು. ಒಂದು ಸೆಕೆಂಡಿನ ಮಾತೆಂದರೆ ಹೆಚ್ಚುಕಡಿಮೆ ಒಂದು ಗೇಣು. ಉಸಿರೆಳೆಯುವ ಸದ್ದು ಒಂದೆರಡು ಬೆರಳಗಲ. ಅದನ್ನೆಲ್ಲ ಕಿತ್ತರೆ ಮನುಷ್ಯ ಯಂತ್ರದಂತೆ ಮಾತಾಡುತ್ತಾನೆ, ಉಳಿಸಿದರೆ ಹೊತ್ತು ಸಾಲುವುದಿಲ್ಲ. ಮುಂದೆ ಆಕೆಯ ಸಂದರ್ಶನಗಳಲ್ಲಿ ಕಂಡ ಕೇಳುವ ಸಹನೆ ಈ ಮೇಜಿನ ಮೇಲೇ ಹದಗೊಂಡಿತೆಂದು ನನ್ನ ಗುಮಾನಿ.

ಮರುವರ್ಷವೇ ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಎಂಬ ಸಂಜೆಯ ಸುದ್ದಿ ಕಾರ್ಯಕ್ರಮದ ನಿರೂಪಣೆ ಕೈಸೇರಿತು. ರಾಷ್ಟ್ರಮಟ್ಟದ ದೈನಂದಿನ ಸಂಜೆ ಸುದ್ದಿಯನ್ನು ಅಮೆರಿಕದಲ್ಲಿ ಹೆಂಗಸೊಬ್ಬರು ನಡೆಸಿದ್ದು ಅದೇ ಮೊದಲು. ಹೆಣ್ಣುದನಿಗೆ ತೂಕವಿಲ್ಲವೆಂದು ಕೆಲವು ಕೇಂದ್ರಗಳ ವ್ಯವಸ್ಥಾಪಕರು ಗೊಣಗಿದರು. ಕಾರ್ಯಕ್ರಮ ನಿರ್ದೇಶಕ ಬಿಲ್ ಸೀಮರಿಂಗ್ ಆ ದೂರುಗಳನ್ನು ಬಹಳ ಕಾಲ ಆಕೆಯ ಕಿವಿಗೆ ಬೀಳದಂತೆ ನೋಡಿಕೊಂಡರು. ಅತ್ತ ಸ್ಟ್ಯಾಂಬರ್ಗ್ ತಾವೇ ಗಂಡಸರ ಹಾಗೆ ದನಿ ತಗ್ಗಿಸಿ, ಗಂಟಲು ಬಿಗಿದು ಓದತೊಡಗಿದ್ದರು. ನೀವು ನೀವಾಗಿರಿ ಎಂದು ಸೀಮರಿಂಗ್ ಅದನ್ನೂ ಬಿಡಿಸಿದರು. ಒಬ್ಬ ಸಂಪಾದಕ ಮಾಡಬಹುದಾದ ತಿದ್ದುಪಡಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಹೊಳೆಯುತ್ತಿಲ್ಲ. ‘ಓದುತ್ತಿರುವವರು…’ ಎಂಬ ಗಂಭೀರ ವಾರ್ತಾದನಿಯ ನಡುವೆ ಬೆಳೆದ ನಮಗೆ, ಸುದ್ದಿ ಓದುವವರು ಗಟ್ಟಿಯಾಗಿ ನಗುವುದು ಈಗಲೂ ಕೊಂಚ ವಿಚಿತ್ರವೇ. ಆಕೆ ನಗುತ್ತಿದ್ದರು.

ಅತ್ತೆಯ ಕೈರುಚಿಯನ್ನೂ ಸುದ್ದಿಯೊಳಗೆ ತಂದರು. ಕ್ರ್ಯಾನ್‌ಬೆರಿ ಹಣ್ಣು, ಈರುಳ್ಳಿ, ಹುಳಿಗೆನೆ, ಸಕ್ಕರೆ, ಜೊತೆಗೆ ಮೂಗಿಗೇರುವ ಘಾಟಿನ ಒಂದು ಬೇರು: ಕಡುಗುಲಾಬಿ ಬಣ್ಣದ ಈ ಗೊಜ್ಜಿನ ವಿಧಾನವನ್ನು ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ದಶಕಗಳ ಕಾಲ ಹೇಳಿದರು. ಕೇಳಿದವರೆಲ್ಲ ಮಾಡಿ ತಿಂದರೋ ಇಲ್ಲವೋ, ಗೊಜ್ಜು ಬಂತೆಂದರೆ ಹಬ್ಬ ಬಂತು.

ಸಂಜೆಯ ಕಾರ್ಯಕ್ರಮ ಬಿಟ್ಟಿದ್ದು 1986ರಲ್ಲಿ. ಆಮೇಲೆ ಭಾನುವಾರದ ಬೆಳಗು. ಅಲ್ಲಿ ಒಗಟಿನ ವಿಲ್ ಶಾರ್ಟ್ಜ್ ಅವರನ್ನು ಕೇಳುಗರ ಮನೆಮಾತಾಗಿಸಿದರು. ಮುಂದೆ ವಿಶೇಷ ವರದಿಗಾರ್ತಿಯಾಗಿ ಚಿತ್ರಕಲೆ, ಸಿನಿಮಾಗಳ ಬೆನ್ನುಹತ್ತಿದರು. ನಿವೃತ್ತರಾಗಿದ್ದು 2025ರ ಸೆಪ್ಟೆಂಬರಿನಲ್ಲಿ. ಅಕ್ಟೋಬರ್ 16ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ವಾಷಿಂಗ್ಟನ್ನಿನ ಎನ್‌ಪಿಆರ್ ಕಟ್ಟಡದ ಲಿಫ್ಟಿನಲ್ಲಿ ಮಹಡಿಗಳನ್ನು ಕೂಗಿ ಹೇಳಲು ಆರಿಸಿಕೊಂಡಿದ್ದೂ ಅದೇ ತೂಕವಿಲ್ಲದ ದನಿಯನ್ನು.