ಬಿಳಿ ಮೀನಿಗೆ ಹೆಸರು ಸಿಕ್ಕಿತು, ಹೊಳೆ ಸಿಕ್ಕೀತೇ?

ಕುಂದಲಹಳ್ಳಿ ಗೇಟಿನಿಂದ ಕಾವೇರಿ ಹೊಳೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆದರೂ ನಂಟು ಬೆಳೆದಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತದ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಊರ ಹೊರವಲಯದ 110 ಹಳ್ಳಿಗಳ ಕಡೆ ಬಿಟ್ಟರು. ನೀರು ಕುಡಿದವರು ಆ ನೀರಿನ ಹಳೇ ಒಕ್ಕಲೊಂದರ ಸಮಾಚಾರವನ್ನೂ ಕೇಳಬೇಕಲ್ಲ?

ಹೊಳೆ ಕಡೆಯವರು ಅದನ್ನು ಬಿಳಿ ಮೀನು ಅಂತಾರೆ. ಇಂಗ್ಲಿಷರು ಗೂನುಬೆನ್ನಿನ ಮಹಶೀರ್ ಅಂದರು. ಬಸ್ ಸ್ಟಾಪಿನ ಪಕ್ಕ ಸಿಗುವ ಜಿಲೇಬಿ ಮೀನನ್ನು ನೋಡಿದವರಿಗೆ ಇದರ ಗಾತ್ರ ನಂಬುವುದು ಕಷ್ಟ: ಒಂದೂವರೆ ಮೀಟರ್ ಉದ್ದ, 45 ಕಿಲೋ ದಾಟುವ ತೂಕ. 1946ರಲ್ಲಿ ಮೈಸೂರಿನ ವಾನ್ ಇಂಗೆನ್, ಅದೇ, ಸತ್ತ ಹುಲಿಗೆ ಹೊಟ್ಟು ತುಂಬಿ ಬದುಕಿದ ಹಾಗೆ ನಿಲ್ಲಿಸುತ್ತಿದ್ದ ಮನೆತನದವರು, ಕಬಿನಿಯಲ್ಲಿ 120 ಪೌಂಡಿನದನ್ನು ಗಾಳಕ್ಕೆ ಹಾಕಿದರು.

ಇಷ್ಟು ದೊಡ್ಡ ಆಸಾಮಿಗೆ ವಿಜ್ಞಾನದ ದಫ್ತರಿನಲ್ಲಿ ಸರಿಯಾದ ಹೆಸರೇ ಇರಲಿಲ್ಲ ಸ್ವಾಮಿ! ಒಬ್ಬರು ಒಂದು ಹೆಸರು ಅಂದರೆ ಇನ್ನೊಬ್ಬರು ಬೇರೆ ಅಂದರು. ಕಣ್ಣಳತೆಯ ಕೆಲಸ ಸುಲಭವಲ್ಲ. ಪಕ್ಕೆಯ ಹುರುಪೆ ಎಣಿಸಬೇಕು, ತಲೆ ಎಷ್ಟುದ್ದ, ಗೂನು ಎಲ್ಲಿಂದ ಏಳುತ್ತದೆ ಅಂತ ಅಳೆಯಬೇಕು. ಆದರೆ ಮಹಶೀರಿನ ತುಟಿ, ಬಣ್ಣ ಹೊಳೆಯಿಂದ ಹೊಳೆಗೆ ಬದಲಾಗುತ್ತವೆ. ಮರಿ ಒಂದು ಥರ, ಮುದಿ ಮೀನು ಇನ್ನೊಂದು ಥರ.

ಆಗ ವಂಶವಾಹಿಯ ಲೆಕ್ಕ ಬಂತು. ಅಂಗಡಿಯವರಿಗೆ ಹೇಳಬೇಕೆಂದರೆ ಇದು ಬಾರ್‌ಕೋಡ್ ಇದ್ದ ಹಾಗೆ. ಡಬ್ಬಿಯ ಬಣ್ಣ ಮೋಸ ಮಾಡಬಹುದು, ಗೆರೆಗಳು ಮಾಡವು. ರೆಕ್ಕೆಯ ಚೂರೊಂದು ಸಾಕು. ಜೀವಕೋಶದೊಳಗಿನ ಬರಹ ಓದಿ ಬೇರೆ ಮೀನಿನದರ ಪಕ್ಕ ಇಟ್ಟು ನೋಡುತ್ತಾರೆ. ತಮಿಳುನಾಡಿನ ಮೊಯಾರ್ ಹೊಳೆಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳನ್ನು ಹೀಗೆ ಎರಡೂ ರೀತಿ ಪರೀಕ್ಷಿಸಿದಾಗ, ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲೇ ಗುರುತಿಸಿದ್ದ ಮೀನೂ ಇದೂ ಒಂದೇ ಜಾತಿ ಅಂತ ತಿಳಿಯಿತು. ಆ ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. ಹೆಸರು ಟಾರ್ ರೇಮಾದೇವಿ. ಮೀನು ವಿಜ್ಞಾನಿ ಕೆ. ರೇಮಾದೇವಿ ಅವರ ಗೌರವಕ್ಕೆ ಇಟ್ಟದ್ದು. ವರದಿ ಅಚ್ಚಾದದ್ದು 2018ರಲ್ಲಿ.

ಹೆಸರಿಗೇನು ಅವಸರ ಅನ್ನಬೇಡಿ. ರೇಷನ್ ಕಾರ್ಡಿಗೂ ಹೆಸರು ಬೇಕು. ಹೆಸರಿಲ್ಲದ ಮೀನನ್ನು ಅಳಿವಿನ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಹೆಸರು ಬಂದ ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯ’ ಎಂದು ಬರೆದರು.

ಅಷ್ಟರಲ್ಲಿ ಆಗುವುದು ಆಗಿತ್ತು. ಮಹಶೀರ್ ಹೆಚ್ಚಲಿ ಅಂತಲೇ 1970ರ ದಶಕದಿಂದ ಲೋನಾವಳದಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಅದು ಕೃಷ್ಣಾ ಸೀಮೆಯ ಜಾತಿ. ಗಾಲಿಬೋರೆ ಶಿಬಿರದ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕದಲ್ಲಿ ನೀಲಿ ರೆಕ್ಕೆ ಏರುತ್ತಾ ಹೋಗಿ, ಗೂನುಬೆನ್ನು ಇಳಿಯುತ್ತಾ ಬಂದಿದೆ. ನೆಂಟ ಮನೆ ಹಿಡಿದ, ಯಜಮಾನ ಬೀದಿಗೆ ಬಿದ್ದ! ಮೇಲೆ ಸಿಡಿಮದ್ದಿನ ಮೀನುಗಾರಿಕೆ, ಮರಳು ತೆಗೆತ, ಅಣೆಕಟ್ಟು.

ಬೆಂಗಳೂರಿಗೆ ಇನ್ನಷ್ಟು ನೀರು ಬೇಕೆಂದು ಕೇಳುತ್ತಿರುವ ಮೇಕೆದಾಟು ಯೋಜನೆ ಆದರೆ ಮುಳುಗಡೆಯ ಹೆಚ್ಚು ಭಾಗ ಕಾವೇರಿ ವನ್ಯಧಾಮದ್ದೇ. ಬಿಳಿ ಮೀನಿಗೆ ಬೇಕಾದದ್ದು ಬಂಡೆ ನಡುವೆ ಹರಿಯುವ ಹೊಳೆ, ನಿಂತ ನೀರಲ್ಲ. ನಮ್ಮ ನಲ್ಲಿಗೆ ಬೇಕಾದದ್ದು ನಿಂತ ನೀರು.