ಟೈಟ್ರೇಷನ್ನಿಗೆ ಬೆಳಕಿನ ಕಾವಲು

ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ತಿಳಿಯಲು ಪ್ರಯೋಗಾಲಯಗಳು ಇಂದಿಗೂ ನೆಚ್ಚಿಕೊಂಡಿರುವುದು ಟೈಟ್ರೇಷನ್ ಅನ್ನೇ. 50 ಮಿಲಿ ನೀರಿಗೆ ಪಿಎಚ್ 10ರ ಅಮೋನಿಯಾ ಬಫರ್ ಬೆರೆಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಚಿಟಿಕೆಯಷ್ಟು ಹಾಕಿದರೆ ನೀರು ದಟ್ಟ ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣ ಬಿಟ್ಟಂತೆಲ್ಲ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಕಟ್ಟಿಹಾಕುತ್ತ ಹೋಗುತ್ತದೆ. ಕೊನೆಗೆ ಸೂಚಕದ ಹಿಡಿತದಲ್ಲಿದ್ದ ಮೆಗ್ನೀಸಿಯಂ ಕೂಡ ಬಿಡುಗಡೆಯಾದಾಗ ಕೆಂಪು ಹೋಗಿ ನೀಲಿ ಬರುತ್ತದೆ. ಅದೇ ಅಂತ್ಯಬಿಂದು. ಇಡಿಟಿಎ ಬಳಸುವ ಈ ವಿಧಾನವನ್ನು 1940ರ ದಶಕದಲ್ಲಿ ರೂಪಿಸಿದವರು ಜ್ಯೂರಿಕ್‌ನ ಗೆರೋಲ್ಡ್ ಶ್ವಾರ್ಜೆನ್‌ಬಾಖ್.

ತೊಡಕಿರುವುದು ಕೊನೆಯ ಹನಿಗಳಲ್ಲಿ. ಕೆಂಪಿಗೂ ನೀಲಿಗೂ ನಡುವೆ ನೇರಳೆಯ ಹಲವು ಛಾಯೆಗಳಿವೆ. ನಿಲ್ಲಿಸುವುದೆಲ್ಲಿ? ಒಬ್ಬರ ಕಣ್ಣಿಗೆ ನೀಲಿಯಾದದ್ದು ಇನ್ನೊಬ್ಬರಿಗೆ ಇನ್ನೂ ನೇರಳೆ. 0.01 ಮೋಲಾರ್ ಇಡಿಟಿಎಯ ಒಂದು ಹನಿ, ಎಂದರೆ ಸುಮಾರು 0.05 ಮಿಲಿ, ಹೆಚ್ಚಿಗೆ ಬಿದ್ದರೆ ಲೀಟರಿಗೆ 1 ಮಿಲಿಗ್ರಾಂ ಗಡಸುತನ ಇಲ್ಲದೆಯೇ ಲೆಕ್ಕಕ್ಕೆ ಸೇರುತ್ತದೆ. ದಿನವಿಡೀ ಸ್ಯಾಂಪಲ್ ನೋಡಿ ದಣಿದ ಕಣ್ಣು ಐದಾರು ಹನಿ ದಾಟಿಸಿಬಿಡುವುದೇನೂ ಅಪರೂಪವಲ್ಲ.

ಕಣ್ಣಿನ ಈ ಕೆಲಸವನ್ನು ಬೆಳಕಿಗೆ ವಹಿಸಬಹುದು. ಫ್ಲಾಸ್ಕಿನ ಒಂದು ಬದಿಗೆ ಕೆಂಪು ಎಲ್‌ಇಡಿ, ಎದುರಿಗೆ ಫೋಟೋಡಯೋಡ್. ಕೆಂಪು ದ್ರಾವಣ ಕೆಂಪು ಬೆಳಕನ್ನು ಹಾಯಗೊಡುತ್ತದೆ, ನೀಲಿ ದ್ರಾವಣ ಹೀರಿಕೊಳ್ಳುತ್ತದೆ. ಸ್ಟೆಪ್ಪರ್ ಮೋಟರ್ ಸಿರಿಂಜನ್ನು ಒತ್ತುತ್ತ ಇಡಿಟಿಎ ಬಿಡುತ್ತದೆ. ಪ್ರತಿ ಸಲವೂ ಎಷ್ಟು ಬೆಳಕು ದಾಟಿತೆಂದು ಯಂತ್ರ ಗೆರೆಯಾಗಿ ಬರೆದುಕೊಳ್ಳುತ್ತದೆ. ಮೊದಲು ಸಮತಟ್ಟಾಗಿರುವ ಗೆರೆ ಅಂತ್ಯಬಿಂದು ಹತ್ತಿರವಾದಂತೆ ಕಡಿದಾಗಿ ಇಳಿದು ಮತ್ತೆ ಸಮತಟ್ಟಾಗುತ್ತದೆ. ಆ ಇಳಿಜಾರು ಮುಗಿದು ಗೆರೆ ಮಟ್ಟಸವಾಗುವ ಜಾಗವೇ ಉತ್ತರ.

ಇಲ್ಲೊಂದು ಸೊಗಸಿದೆ. ಕಣ್ಣಿನಿಂದ ಮಾಡುವಾಗ ಹನಿ ಮೀರಿತೆಂದರೆ ಪ್ರಯೋಗ ಕೆಟ್ಟಂತೆಯೇ. ಯಂತ್ರ ಬೇಕೆಂದೇ ದಾಟಿ ಹೋಗುತ್ತದೆ, ಆಮೇಲೆ ಗೆರೆಯನ್ನು ಹಿಂದಿರುಗಿ ನೋಡಿ ಬಿಂದುವನ್ನು ಗುರುತಿಸುತ್ತದೆ. ಅದು ಅಳೆಯುವುದು ಬದಲಾವಣೆಯನ್ನಾದ್ದರಿಂದ ನೀರಿಗೆ ಮೊದಲೇ ಇದ್ದ ಮಾಸಲು ಬಣ್ಣವೂ ಅಷ್ಟಾಗಿ ಕಾಡುವುದಿಲ್ಲ.

ಹಾಗೆಂದು ರಸಾಯನಶಾಸ್ತ್ರ ಅರಿಯದವರ ಕೈಗೆ ಇದನ್ನು ಕೊಟ್ಟರೆ ಸಾಲದು. ಕಲಕುವಾಗ ಏಳುವ ಗುಳ್ಳೆಗಳು ಬೆಳಕನ್ನು ಚದುರಿಸುತ್ತವೆ. ಕೋಣೆಯ ಟ್ಯೂಬ್‌ಲೈಟ್ ಒಳನುಗ್ಗದಂತೆ ಫ್ಲಾಸ್ಕನ್ನು ಕಪ್ಪು ಡಬ್ಬಿಯಲ್ಲಿಡಬೇಕು. ಅಂತ್ಯಬಿಂದುವಿನ ಬಳಿ ಕ್ರಿಯೆ ನಿಧಾನ, ಮೋಟರೂ ನಿಧಾನಿಸಬೇಕು. ಇಡಿಟಿಎಯ ಸಾರತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ತಾಳೆ ನೋಡದಿದ್ದರೆ ಎಷ್ಟೇ ಚಂದದ ಗೆರೆ ಬಂದರೂ ಉತ್ತರ ತಪ್ಪೇ.

ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹಾಕಿರುವ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಆ ಅಂಚಿನಲ್ಲಿರುವ ನೀರಿನ ಬಗ್ಗೆ ತೀರ್ಪು ಕೊಡುವಾಗ ಐದಾರು ಹನಿಯ ತಪ್ಪು ಸಣ್ಣದಲ್ಲ. ಎಲ್‌ಇಡಿ, ಫೋಟೋಡಯೋಡ್, ಪುಟ್ಟ ಮೋಟರ್ ಇವೇನೂ ದುಬಾರಿ ಸಾಮಾನಲ್ಲ. ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳಿಂದಲೇ ಇಂಥದ್ದೊಂದನ್ನು ಕಟ್ಟಿಸಿ, ಕಣ್ಣಿನ ಉತ್ತರವನ್ನೂ ಗೆರೆಯ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ.