ಒಂದು ಗಾಡಿ, ಎರಡು ವಿದ್ಯುತ್ತು

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಊರುಗಳಲ್ಲಿ, ಅದುವರೆಗೆ ಕಬ್ಬನ್ನೂ ಗೊಬ್ಬರವನ್ನೂ ಹೊತ್ತು ತಿರುಗಿದ ಟ್ರ್ಯಾಕ್ಟರ್ ಟ್ರೇಲರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಚಿಂಚಲಿಯ ಮಾಯಕ್ಕನ ಜಾತ್ರೆಗೋ ಹೊರಡುವ ಸಂಸಾರಕ್ಕೆ ಕೆಲವು ದಿನಗಳ ನಿವಾಸವಾಗಿ ಮಾರ್ಪಡುತ್ತದೆ. ಮೇಲೆ ತಾಡಪತ್ರಿ, ಕೆಳಗೆ ಹುಲ್ಲಿನ ಹಾಸು, ಮೂಲೆಯಲ್ಲಿ ರೊಟ್ಟಿಯ ಗಂಟು. ಇಷ್ಟಾದ ಮೇಲೆ ಅದಕ್ಕೆ ಬೆಳಕನ್ನು ಕೂಡಿಸುವವನೇ ನಮ್ಮ ಹಳ್ಳಿಗಳ ವೈರ್‌ಮನ್ನನು.

ಅಂತಹ ಒಬ್ಬ ಹಿರಿಯರನ್ನು ಕಾಣಲೆಂದೇ ನಾನು ಮೂಡಲಗಿಗೆ ಹೋದೆನು. ಅವರ ಅಂಗಡಿಯ ಮುಂದೆ ನಿಂತ ಟ್ರೇಲರಿನ ಎಡಮಗ್ಗುಲಿಗೆ ಬ್ಯಾಟರಿಯ ತಂತಿಗಳು, ಬಲಮಗ್ಗುಲಿಗೆ, ಬಿಳಿಯ ಪಿವಿಸಿ ಕೊಳವೆಯೊಳಗೆ, ಮನೆಯ ಕರೆಂಟಿನ ತಂತಿಗಳು. ಎಲ್ಲಿಯೂ ಒಂದು ಇನ್ನೊಂದನ್ನು ಸ್ಪರ್ಶಿಸದು. ಕಾರಣವನ್ನು ಅವರೇ ವಿವರಿಸಿದರು: ಬ್ಯಾಟರಿಯಲ್ಲಿ ಕೆಂಪು ಧನ, ಕಪ್ಪು ಋಣ, ನಮ್ಮ ಹಳೆಯ ಮನೆಗಳ ವೈರಿಂಗಿನಲ್ಲಿಯೂ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು. ಬಣ್ಣವೊಂದೇ, ಬಲವೋ 12 ವೋಲ್ಟು ಮತ್ತು 230 ವೋಲ್ಟು. ಕತ್ತಲೆಯಲ್ಲಿ ಕೈ ಹಾಕಿದವನಿಗೆ ಬಣ್ಣವು ಏನನ್ನೂ ತಿಳಿಸಲಾರದಾದುದರಿಂದ ಸ್ಥಾನವೇ ತಿಳಿಸಬೇಕು. ಎರಡಕ್ಕೂ ಬೇರೆ ಬೇರೆ ಆಕಾರದ ಸಾಕೆಟ್ಟುಗಳನ್ನು ಅವರು ಕೂಡಿಸುವುದೂ ಇದೇ ವಿವೇಕದಿಂದ.

"ಹನ್ನೆರಡು ವೋಲ್ಟ್ ಅಂತ ಹಗುರ ತಿಳಿಬ್ಯಾಡ್ರಿ, ಸಾಹೇಬ್ರ. ಶಾಕ್ ಹೊಡಿಯಂಗಿಲ್ಲ ಖರೆ, ಆದ್ರ ಬೆಂಕಿ ಹಚ್ಚತೈತಿ" ಎಂದರು. ಈ ಮಾತಿನ ಹಿಂದೆ ಗಣಿತವುಂಟು. 100 ವ್ಯಾಟಿನ ಸಾಧನವು 230 ವೋಲ್ಟಿನಲ್ಲಿ ಅರ್ಧ ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನು ಸೆಳೆದರೆ, 12 ವೋಲ್ಟಿನಲ್ಲಿ ಎಂಟಕ್ಕೂ ಮಿಗಿಲಾಗಿ ಸೆಳೆಯುತ್ತದೆ. ಐದು ಮೀಟರು ದೂರದ ಅಂತಹ ಸಾಧನಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಂತಿಯನ್ನೆಳೆದರೆ, ಹೋಗಿ ಬರುವ ದಾರಿಯಲ್ಲಿಯೇ ಸುಮಾರು ಒಂದು ವೋಲ್ಟು ನಷ್ಟವಾಗುತ್ತದೆ. ಆದುದರಿಂದ ದಪ್ಪ ತಂತಿ, ಬ್ಯಾಟರಿಯ ಧನಧ್ರುವದ ಬಳಿಯಲ್ಲಿಯೇ ಫ್ಯೂಜು. ತಂತಿಯೂ ಒಂಟಿಯೆಳೆಯದಾಗಿರದೆ ಹಲವು ಎಳೆಗಳದಾಗಿರಬೇಕು, ಏಕೆಂದರೆ ಹಾದಿಯ ಕುಲುಕಾಟಕ್ಕೆ ಒಂಟಿ ತಾಮ್ರವು ಬಿರುಸಾಗಿ ತುಂಡಾಗುವುದು. ತಗಡನ್ನು ಹಾದುಹೋಗುವೆಡೆಯಲ್ಲಿ ರಬ್ಬರಿನ ಬಳೆ ಬೇಕು. ಇನ್ನು ದೀಪಗಳಿಗೆ ಪ್ರತ್ಯೇಕ ಬ್ಯಾಟರಿಯೇ ಆಗಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ದೀಪ ಉರಿದು, ಬೆಳಗಾದರೆ ಟ್ರ್ಯಾಕ್ಟರಿನ ಸೆಲ್ಫು ತಿರುಗದು.

ಜಾತ್ರೆಯ ಬಯಲಿನಲ್ಲಿ ಹೊರಗಿನ ಕರೆಂಟು ದೊರೆತಾಗ ಮಾತ್ರ ಬಲಮಗ್ಗುಲು ಜೀವ ತಳೆಯುತ್ತದೆ. ಆಗ ಹಸಿರು ತಂತಿಯು ಟ್ರೇಲರಿನ ಉಕ್ಕಿನ ಒಡಲನ್ನು ಭೂಮಿಗೆ ಬಂಧಿಸಿರಬೇಕು. 30 ಮಿಲಿಆಂಪಿಯರು ಸೋರಿದೊಡನೆ ಪ್ರವಾಹವನ್ನು ಕಡಿದುಹಾಕುವ ಸ್ವಿಚ್ಚೂ ಇರಬೇಕು. ಮಂಜಿನಿಂದ ನೆನೆದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಉಕ್ಕನ್ನು ಮುಟ್ಟುವ ಮಕ್ಕಳ ಪ್ರಾಣವು ಆ ಪುಟ್ಟ ಪೆಟ್ಟಿಗೆಯಲ್ಲಿದೆ.

ಈ ಸೀಮೆಗೆ ಯಂತ್ರಶಕ್ತಿಯ ಮತ್ತು ವಿದ್ಯುತ್ತಿನ ಪರಿಚಯವು ಇಂದು ನಿನ್ನೆಯದಲ್ಲ. ಘಟಪ್ರಭೆಯು 52 ಮೀಟರು ಧುಮುಕುವ ಗೋಕಾಕದಲ್ಲಿ ನೀರಿನ ಶಕ್ತಿಯಿಂದ ಹತ್ತಿಯ ಗಿರಣಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆಯಿತು. 1969ರಲ್ಲಿ ಹುಕ್ಕೇರಿಯಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಭಾರತದ ಮೊದಲ ಐದು ಪ್ರಯೋಗಗಳಲ್ಲಿ ಒಂದು, ಕರ್ನಾಟಕದಲ್ಲಿ ಅದೊಂದೇ. ಹಳ್ಳಿಯ ಜನರು ತಾವೇ ಸದಸ್ಯರಾಗಿ ತಮ್ಮ ಮನೆಗಳಿಗೆ ಬೆಳಕು ತಂದುಕೊಂಡ ಆ ಕಾಲದಲ್ಲಿಯೇ, ಹುಡುಗನಾಗಿದ್ದ ನಮ್ಮ ಹಿರಿಯರು ಹುಕ್ಕೇರಿಯ ಓಣಿಗಳಲ್ಲಿ ಮರದ ಪಟ್ಟಿಯ ಮೇಲೆ ತಂತಿಯೆಳೆಯುವುದನ್ನು ಕಲಿತರಂತೆ.

ಈಗ ಸಿದ್ಧ ಪೆಟ್ಟಿಗೆಗಳು ಅಗ್ಗವಾಗಿ ದೊರೆಯುತ್ತವೆ. ಇನ್ವರ್ಟರನ್ನು ತಂದು, ತಂತಿಗಳನ್ನು ಸುತ್ತಿ, ಟೇಪು ಹಚ್ಚಿದರೆ ದೀಪವೇನೋ ಉರಿಯುತ್ತದೆ. ಉರಿಯುವುದೇ ಸಾಕೆನ್ನುವ ಗಿರಾಕಿಗೆ, ಕಾಣದ ಕಡೆಯಲ್ಲಿ ಕೂಡಿಸಿದ ಬಳೆಗೂ ಫ್ಯೂಜಿಗೂ ಹೆಚ್ಚಿನ ಹಣವೇಕೆಂದು ತೋರುವುದು ಸಹಜ. ಹಿರಿಯರ ಬಳಿ ಈಗ ಶಿಷ್ಯರಿಲ್ಲ. ಅವರ ನಿಯಮಗಳು ಯಾವ ಪುಸ್ತಕದಲ್ಲಿಯೂ ಅವರ ಮಾತಿನಲ್ಲಿರುವಂತೆ ಇಲ್ಲ. ಒಂದು ಸೀಮೆಯೇ ಕೂಡಿ ಊರೂರಿಗೆ ಬೆಳಕು ಹಂಚಿಕೊಂಡ ಈ ನಾಡಿನಲ್ಲಿ, ಆ ಬೆಳಕನ್ನು ಸುರಕ್ಷಿತವಾಗಿ ಸಾಗಿಸುವ ವಿದ್ಯೆಯನ್ನೂ ಹಾಗೆಯೇ ಹಂಚಿಕೊಳ್ಳುವ ಮನಸ್ಸು ನಮಗೆ ಇನ್ನಾದರೂ ಬರಬಾರದೆ?